ಸ್ಟ್ಯಾಫ್ ಒಳಗೆ ಮಲಗಿದ್ದ ಫೇಜ್‌ನ ಎಬ್ಬಿಸಿ ಓದಿದ್ದು: ನನ್ನ ಅನುಭವ

ಕೊನೆಗೂ ಆಯ್ತು: ಸ್ಟ್ಯಾಫ್ ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೆ ಸೇರ್ಕೊಂಡು ಮಲಗಿರೋ ಫೇಜ್‌ನ (ಬ್ಯಾಕ್ಟೀರಿಯಾಗೆ ತಗಲೋ ವೈರಸ್) ಎಬ್ಬಿಸಿ, ಅದರ ಡಿಎನ್‌ಎ ಓದಿದೆ. ಎರಡು ವರ್ಷ "ಸಾಫ್ಟ್‌ವೇರ್ ಹೇಳಿದ್ದನ್ನೇ ಬರೆದು ಪೇಪರ್ ಕಳಿಸು, ಸುಮ್ನೆ ಯಾಕೆ ಒದ್ದಾಡ್ತೀಯ" ಅಂತ ಹೇಳಿಸ್ಕೊಂಡೆ, ಈಗ ಅದೇ ಜನ ಪ್ರೋಟೋಕಾಲ್ ಕೇಳ್ತಿದ್ದಾರೆ.

ಕೈಯಲ್ಲಿದ್ದಿದ್ದು ಸುಮಾರು 40 ಸ್ಟ್ಯಾಫಿಲೋಕಾಕಸ್ ಆರಿಯಸ್ ಐಸೋಲೇಟ್, ಅಂದ್ರೆ ಬೇರ್ಪಡಿಸಿ ಬೆಳೆಸಿದ ತಳಿ. ಇಲ್ಯುಮಿನಾ (ಡಿಎನ್‌ಎನ ಚಿಕ್ಕ ತುಂಡುಗಳಾಗಿ ಓದೋ ಮೆಷಿನ್) ಡೇಟಾನ ಫೇಜ್ ಹುಡುಕೋ ಸಾಫ್ಟ್‌ವೇರ್ ಫಾಸ್ಟರ್‌ಗೆ ಹಾಕಿದ್ರೆ ಒಂದೊಂದ್ರಲ್ಲೂ ಮೂರ್ನಾಲ್ಕು ಪ್ರೋಫೇಜ್ (ಹಿಂಗೆ ಮಲಗಿರೋ ಫೇಜ್), ಎಲ್ಲಾ 'ಇನ್‌ಕಂಪ್ಲೀಟ್', ಅಂದ್ರೆ ಅರ್ಧಂಬರ್ಧ. ನಂಗೆ ಮೊದಲಿಂದ್ಲೂ ಅನುಮಾನ. ಒಂದೇ ಸೆಲ್‌ನಲ್ಲಿರೋ ಎರಡು ಫೇಜ್‌ಗಳ ಕೆಲವು ಭಾಗ ಅಕ್ಷರಕ್ಕಕ್ಷರ ಒಂದೇ ಇದ್ರೆ 150 ಬೇಸ್ (ಡಿಎನ್‌ಎ ಅಕ್ಷರ) ಉದ್ದದ ರೀಡ್, ಅಂದ್ರೆ ಓದಿದ ತುಂಡು, ಇಟ್ಕೊಂಡು ಅವನ್ನ ಜೋಡಿಸೋ ಅಸೆಂಬ್ಲರ್ ಆದ್ರೂ ಏನ್ಮಾಡುತ್ತೆ, ಅಲ್ಲೇ ಕಾಂಟಿಗ್ (ಜೋಡಿಸಿದ ಉದ್ದ ತುಂಡು) ಮುರಿಯುತ್ತೆ. ಮುರಿದಿದ್ದು ಫೇಜ್ ಅಲ್ಲ, ನಮ್ಮ ಅಸೆಂಬ್ಲಿ.

ಸರಿ, ಉದ್ದುದ್ದ ರೀಡ್ ಕೊಡೋ ನ್ಯಾನೋಪೋರ್. ದುಡ್ಡು ಸುಟ್ಕೊಂಡಿದ್ದು ಇಲ್ಲೇ. ಸ್ಟ್ಯಾಫ್‌ನ ಗೋಡೆ ಒಡೆಯೋ ಎಂಜೈಮ್ ಲೈಸೋಸ್ಟಾಫಿನ್ ದುಬಾರಿ ಅಂತ ಇನ್ನೊಂದು ಎಂಜೈಮ್ ಲೈಸೋಝೈಮ್‌ನಲ್ಲೇ ಸಾಗಿಸೋಕೆ ನೋಡಿದೆ, ಸೆಲ್ ಒಡೀಲಿಲ್ಲ, ಬೀಡ್ಸ್ ಹಾಕಿ ಜಜ್ಜಿದೆ, ಡಿಎನ್‌ಎ ಚೂರುಚೂರು, ರೀಡ್ ಎಲ್ಲಾ ಒಂದೆರಡು ಕೆಬಿ (ಸಾವಿರ ಬೇಸ್). ಎರಡು ಫ್ಲೋ ಸೆಲ್ (ನ್ಯಾನೋಪೋರ್‌ನ ಓದೋ ಚಿಪ್) ಹೋಯ್ತು, ಆ ವರ್ಷದ ಕನ್ಸ್ಯೂಮಬಲ್ಸ್ ದುಡ್ಡಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು. ಲೈಸೋಸ್ಟಾಫಿನ್ ತಂದ ಮೇಲೆ ಫ್ಲೈ ಅನ್ನೋ ಅಸೆಂಬ್ಲರ್‌ನಲ್ಲಿ ಸುಮಾರು 28 ಲಕ್ಷ ಬೇಸ್‌ನ ಕ್ರೋಮೋಸೋಮ್ ಒಂದೇ ಸುತ್ತಾಗಿ ಮುಚ್ಕೊಂಡು ಬಂತು. ಕೆಂಪು ರಕ್ತಕಣ ಒಡೆಯೋ ಬೀಟಾ ಹೀಮೋಲೈಸಿನ್‌ನ ಜೀನ್ ಮಧ್ಯದಲ್ಲಿ 43 ಕೆಬಿ ಆಸುಪಾಸಿನ ಫೇಜ್, ನಮ್ಮ ಇಮ್ಯೂನಿಟಿಯಿಂದ ತಪ್ಪಿಸ್ಕೊಳ್ಳೋ ಎಸ್‌ಸಿಎನ್, ಸ್ಯಾಕ್ ಜೀನ್ ಎಲ್ಲಾ ಹೊತ್ಕೊಂಡು ಇಡಿಯಾಗಿ ಕೂತಿದೆ.

ಇದೆ ಸರಿ, ಜೀವ ಇದ್ಯಾ? ಫೇಜ್‌ನ ಎಬ್ಬಿಸೋಕೆ ಮೈಟೋಮೈಸಿನ್ ಸಿ ಕೊಟ್ಟು, ಫಿಲ್ಟರ್ ಮಾಡಿ, ಹೊರಗಿರೋ ಡಿಎನ್‌ಎ ಕತ್ತರಿಸೋ ಡಿಎನ್‌ಏಸ್ ಹಾಕಿ, ಕ್ಯಾಪ್ಸಿಡ್ (ಫೇಜ್‌ನ ಪ್ರೋಟೀನ್ ಚಿಪ್ಪು) ಒಳಗೆ ಉಳಿದಿದ್ದನ್ನ ಸೀಕ್ವೆನ್ಸ್ ಮಾಡೋದು. ಡೋಸ್ ಎಷ್ಟು, ಎಷ್ಟು ಹೊತ್ತು ಅನ್ನೋದನ್ನ ಪೇಪರ್ ಬರೋವರೆಗೂ ಹೇಳಲ್ಲ, ಬೇಜಾರಾಗ್ಬೇಡಿ. ಮೊದಲೆರಡು ಸಲ ಬಂದಿದ್ದೆಲ್ಲಾ ಬ್ಯಾಕ್ಟೀರಿಯಾದ್ದೇ ಡಿಎನ್‌ಎ, ಬಫರ್‌ನಲ್ಲಿ ಮೆಗ್ನೀಸಿಯಂ ಇಲ್ದೆ ಡಿಎನ್‌ಏಸ್ ಕೆಲಸಾನೇ ಮಾಡಿರ್ಲಿಲ್ಲ. ಆಮೇಲಿಂದ 16ಎಸ್ (ಬ್ಯಾಕ್ಟೀರಿಯಾದ್ದೇ ಜೀನ್) ಪಿಸಿಆರ್ ಬ್ಯಾಂಡ್ ಕಂಡ್ರೆ ಸೀಕ್ವೆನ್ಸಿಂಗ್ ಲೈಬ್ರರಿ ತಯಾರಿಗೇ ಕೈ ಹಾಕಲ್ಲ.

ಮೂರನೇ ಸಲ ರೀಡ್‌ಗಳನ್ನ ಕ್ರೋಮೋಸೋಮ್ ಮೇಲೆ ಮ್ಯಾಪ್ ಮಾಡಿ ಕವರೇಜ್ (ಒಂದೊಂದು ಜಾಗ ಎಷ್ಟು ರೀಡ್‌ನಲ್ಲಿ ಬಂದಿದೆ ಅನ್ನೋ ಲೆಕ್ಕ) ತೆಗೆದೆ. ಉದ್ದಕ್ಕೂ ನೆಲಕ್ಕಂಟಿದ ಗೆರೆ, ಆ ಒಂದು ಜಾಗದಲ್ಲಿ ಮಾತ್ರ ಮೇಜು ಇಟ್ಟಂಗೆ ಸಾವಿರಕ್ಕೂ ಮೇಲೆ. ಎರಡೂ ಅಂಚಲ್ಲಿದ್ದ 14 ಬೇಸ್‌ನ ಕೋರ್ (ಫೇಜ್ ಕ್ರೋಮೋಸೋಮ್‌ಗೆ ಸೇರ್ಕೊಳ್ಳೋ ಜಾಗದ ಅಕ್ಷರಗಳು), ಸುತ್ತಾದ ಫೇಜ್‌ನ ರೀಡ್‌ನಲ್ಲಿ ಒಂದೇ ಸಲ ಇತ್ತು. ಫೇಜ್ ಎಲ್ಲಿ ಶುರು ಎಲ್ಲಿ ಮುಗಿಯುತ್ತೆ ಅನ್ನೋದಕ್ಕೆ ಇನ್ನೇನು ಬೇಕು. ಫಾಸ್ಟರ್ ತೋರಿಸಿದ್ದ ಗಡಿ ನಿಜವಾದ ಅಂಚಿಗಿಂತ ಸುಮಾರು 6 ಕೆಬಿ ಒಳಗಿತ್ತು.

ಅಂದಂಗೆ, ಫೇಜ್ ಹೊರಗೆ ಬಂದ್ರೆ ಮುರಿದಿದ್ದ ಬೀಟಾ ಹೀಮೋಲೈಸಿನ್ ಜೀನ್ ಮತ್ತೆ ಕೂಡ್ಕೋಬೇಕಲ್ಲ ಅಂತ ಕುರಿ ರಕ್ತದ ಅಗಾರ್ ಮೇಲೂ ಹಾಕಿ ನೋಡಿದೆ. ಮುನ್ನೂರು ಕಾಲನಿಯಲ್ಲಿ ಎರಡರ ಸುತ್ತ ಅಗಲವಾದ ಮಬ್ಬು ಉಂಗುರ, ರಾತ್ರಿ ಫ್ರಿಡ್ಜ್‌ನಲ್ಲಿಟ್ಟು ಬೆಳಿಗ್ಗೆ ತೆಗೆದ್ರೆ ಪೂರ್ತಿ ತಿಳಿಯಾಗಿತ್ತು, ಬೀಟಾ ಹೀಮೋಲೈಸಿನ್‌ನ ಗುರುತೇ ಅದು. ಇದಕ್ಕೆ ಖರ್ಚೇ ಇಲ್ಲ, ಎಲ್ರೂ ಮಾಡಿ.

ಹೋಲಿಸೋಕೆ ಕಂಟ್ರೋಲ್ ಆಗಿ ಇಟ್ಟಿದ್ದ ಸ್ಟ್ಯಾಫ್ ತಳಿ ಎನ್‌ಸಿಟಿಸಿ 8325ರಲ್ಲಿ, ಫೈ 11 ಅನ್ನೋ ಫೇಜ್‌ನ ಕವರೇಜ್‌ಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಉದ್ದಕ್ಕೆ ಇಳಿಜಾರು. ಕಂಟಾಮಿನೇಷನ್ ಅಂತ ಎರಡು ಸಲ ಎಸೆದೆ. ಅಲ್ಲ, ಅದು 2018ರಲ್ಲಿ ವರದಿಯಾದ ಲ್ಯಾಟರಲ್ ಟ್ರಾನ್ಸ್‌ಡಕ್ಷನ್, ಫೇಜ್ ಕ್ರೋಮೋಸೋಮ್ ಬಿಡೋ ಮುಂಚೇನೇ ಪಕ್ಕದ ಡಿಎನ್‌ಎನೂ ಸೇರಿಸಿ ತುಂಬ್ಕೊಳ್ತಾ ಹೋಗುತ್ತೆ. ಇಳಿಜಾರು ಕಂಡ್ರೆ ಎಸೀಬೇಡಿ.

ಬೀಟಾ ಹೀಮೋಲೈಸಿನ್ ಜಾಗದಲ್ಲಿ ಫೇಜ್ ಇದ್ದಿದ್ದು 27 ಐಸೋಲೇಟ್‌ನಲ್ಲಿ, ಎದ್ದಿದ್ದು 19. ಏಳದ ಎಂಟರಲ್ಲಿ ಐದಕ್ಕೆ ಇಂಟಿಗ್ರೇಸ್ (ಫೇಜ್‌ನ ಕ್ರೋಮೋಸೋಮ್‌ಗೆ ಸೇರಿಸೋ, ಬಿಡಿಸೋಕೂ ಬೇಕಾದ ಎಂಜೈಮ್) ಜೀನ್ ಮುರಿದಿದೆ. ಇನ್ನು ಮೂರು ಸೀಕ್ವೆನ್ಸ್ ನೋಡಿದ್ರೆ ಚೆನ್ನಾಗೇ ಇವೆ, ಆದ್ರೂ ಏಳ್ತಿಲ್ಲ, ಈಗ ಅವುಗಳ ರಿಪ್ರೆಸರ್ (ಫೇಜ್‌ನ ಮಲಗಿಸಿಡೋ ಪ್ರೋಟೀನ್) ಹಿಡ್ಕೊಂಡು ಕೂತಿದೀನಿ.