ಲಿನಕ್ಸ್ ಕರ್ನಲ್ ನೆಟ್‌ವರ್ಕಿಂಗ್‌ಗೆ ನನ್ನ ಮೊದಲ ಪ್ಯಾಚ್ ಹೋದ ದಾರಿ

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ, ನನ್ನ ಹತ್ತಿರ ಇದ್ದ ಒಂದು ಹಳೇ ಬೋರ್ಡಿನ ಈಥರ್‌ನೆಟ್ ಡ್ರೈವರ್ ಕೋಡ್ ಓದುತ್ತಿದ್ದೆ. ಡ್ರೈವರ್ ಶುರುವಾದಾಗ ಕ್ಲಾಕ್ ಆನ್ ಮಾಡುತ್ತದೆ. ಆಮೇಲೆ ಡಿವೈಸ್ ರಿಜಿಸ್ಟರ್ ಆಗದಿದ್ದರೆ ಎರರ್ ಕೊಟ್ಟು ಹೊರಗೆ ಬರುತ್ತದೆ. ಕ್ಲಾಕ್ ಮಾತ್ರ ಆನ್ ಆಗಿಯೇ ಉಳಿಯುತ್ತದೆ. ಎರರ್ ಬಂದಾಗ ಕ್ಲಾಕ್ ಆಫ್ ಮಾಡುವ ಸಾಲಿಗೆ ಹಾರುವಂತೆ ಒಂದು ಗೋಟು, ಒಂದು ಲೇಬಲ್ ಹಾಕಿದೆ, ಸರಿಹೋಯಿತು. ಜಾಸ್ತಿ ಸಮಯ ಹಿಡಿದದ್ದು ಆಮೇಲಿನ ಕೆಲಸ, ಅಂದರೆ ಈ ತಿದ್ದುಪಡಿಯನ್ನು ಪ್ಯಾಚ್ ಆಗಿ ಕಳಿಸುವುದು.

ಮೊದಲು ಯಾವ ಟ್ರೀಗೆ, ಅಂದರೆ ಕರ್ನಲ್ ಕೋಡಿನ ಯಾವ ಪ್ರತಿಗೆ ಅನ್ನೋದು ಗೊತ್ತಿರಬೇಕು. ದೋಷ ಸರಿಪಡಿಸುವ ಪ್ಯಾಚ್ ‘ನೆಟ್’ ಟ್ರೀಗೆ, ಹೊಸ ಕೆಲಸ ‘ನೆಟ್-ನೆಕ್ಸ್ಟ್’ಗೆ. ಹೊಸ ಕೆಲಸವನ್ನು ಮುಖ್ಯ ಕರ್ನಲ್‌ಗೆ ಸೇರಿಸಿಕೊಳ್ಳುವ ‘ಮರ್ಜ್ ವಿಂಡೋ’ ನಡೆಯುವ ಸುಮಾರು ಎರಡು ವಾರ ನೆಟ್-ನೆಕ್ಸ್ಟ್ ಮುಚ್ಚಿರುತ್ತದೆ, ನೆಟ್ ತೆರೆದೇ ಇರುತ್ತದೆ. ನನ್ನದು ನೆಟ್. ಅದನ್ನು ಸಬ್ಜೆಕ್ಟ್ ಸಾಲಿನಲ್ಲೇ ಬರೆಯಬೇಕು.

ಆಮೇಲೆ ‘ಫಿಕ್ಸಸ್’ ಸಾಲು. ಈ ದೋಷ ಯಾವ ಕಮಿಟ್‌ನಿಂದ (ದಾಖಲಾದ ಬದಲಾವಣೆಯಿಂದ) ಬಂತು ಅಂತ ಅದರ ಹ್ಯಾಶ್‌ನ, ಅಂದರೆ ಗುರುತಿನ ಕೋಡ್‌ನ, ಮೊದಲ 12 ಅಕ್ಷರ ಮತ್ತು ಶೀರ್ಷಿಕೆ ಕೊಡಬೇಕು. ಹಳೇ ಸ್ಟೇಬಲ್ ಕರ್ನಲ್‌ಗಳನ್ನು ನೋಡಿಕೊಳ್ಳುವವರು ಇದನ್ನು ನೋಡಿ, ಪ್ಯಾಚ್ ಎಲ್ಲಿಯವರೆಗೆ ಹಿಂದಕ್ಕೆ ಹೋಗಬೇಕು ಅಂತ ತೀರ್ಮಾನಿಸುತ್ತಾರೆ. ಸಾಲನ್ನು ಕೊನೆಗೆ ಬದಲಿಸಿದ್ದು ಯಾವ ಕಮಿಟ್ ಅಂತ ಹೇಳುವ ‘ಗಿಟ್ ಬ್ಲೇಮ್’ ತೋರಿಸಿದ ಕಮಿಟ್ ತೆಗೆದು ನೋಡಿದರೆ, ಅದರಲ್ಲಿ ಬರೀ ಟ್ಯಾಬ್ ಸರಿಮಾಡಿದ್ದರು. ಅದಕ್ಕೂ ಹಿಂದಿನದು ಫಂಕ್ಷನ್ ಹೆಸರು ಬದಲಿಸಿದ್ದು. ಇನ್ನೂ ಹಿಂದೆ ಹೋದಾಗ ಕ್ಲಾಕ್ ಮೊದಲ ಸಲ ಸೇರಿದ ಕಮಿಟ್ ಸಿಕ್ಕಿತು. ಈ ಸಾಲಿಗೆ ಅರ್ಧ ದಿನ ಹೋಯಿತು, ಹೋಗಲೇಬೇಕಿತ್ತು. ತಪ್ಪು ಹ್ಯಾಶ್ ಕೊಟ್ಟರೆ ದೋಷ ಇರುವ ಯಾವುದೋ ಹಳೇ ಕರ್ನಲ್‌ಗೆ ಪ್ಯಾಚ್ ತಲುಪುವುದೇ ಇಲ್ಲ, ಅಲ್ವಾ?

ಪ್ಯಾಚ್‌ನ ಶೈಲಿ ಪರಿಶೀಲಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿದೆ. ಪ್ಯಾಚ್ ಯಾರಿಗೆ ಹೋಗಬೇಕು ಅಂತ ಹೇಳುವ ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಕೊಟ್ಟ ಎಲ್ಲರನ್ನೂ ಸಿಸಿಗೆ ಸೇರಿಸಿ, ಗಿಟ್ ಸೆಂಡ್-ಇಮೇಲ್‌ನಿಂದ ಕಳಿಸಿದೆ.

ಮಾರನೇ ದಿನ ರಿವ್ಯೂ ಮಾಡಿದವರಿಂದ ಉತ್ತರ ಬಂತು. ನೆಟ್‌ವರ್ಕಿಂಗ್ ಕೋಡಿನಲ್ಲಿ ಫಂಕ್ಷನ್ ಒಳಗಿನ ವೇರಿಯಬಲ್‌ಗಳನ್ನು ಉದ್ದದ ಸಾಲು ಮೇಲೆ, ಚಿಕ್ಕದು ಕೆಳಗೆ ಬರುವಂತೆ ಜೋಡಿಸುವ ರೂಢಿ ಇದೆ. ತಲೆಕೆಳಗಾದ ಕ್ರಿಸ್‌ಮಸ್ ಮರ ಅಂತಲೇ ಅದಕ್ಕೆ ಹೆಸರು. ಹೇಗೂ ಇದ್ದೀನಲ್ಲ ಅಂತ ಹಳೇ ಸಾಲುಗಳನ್ನೂ ಹಾಗೆ ಜೋಡಿಸಿಬಿಟ್ಟಿದ್ದೆ. ಅದನ್ನು ತೆಗೆಯಿರಿ, ಫಿಕ್ಸ್ ಮಾತ್ರ ಇರಲಿ ಅಂದರು. ಅವರು ಹೇಳಿದ್ದೇ ಸರಿ. ಸಂಬಂಧವಿಲ್ಲದ ಸಾಲು ಮುಟ್ಟಿದಷ್ಟೂ ಹಳೇ ಕರ್ನಲ್‌ಗೆ ಪ್ಯಾಚ್ ಕೂರಿಸುವುದು ಕಷ್ಟ.

ಐದೇ ನಿಮಿಷದಲ್ಲಿ ಎರಡನೇ ಆವೃತ್ತಿ ಸಿದ್ಧವಾಯಿತು. ಆದರೂ ಕಾದೆ. 24 ಗಂಟೆ ಆಗುವ ಮೊದಲು ಮತ್ತೆ ಕಳಿಸಬಾರದು ಅನ್ನುವುದು ಇಲ್ಲಿನ ನಿಯಮ. ಬೇರೆ ಬೇರೆ ದೇಶಗಳಲ್ಲಿ ಇರುವವರಿಗೆ ಓದಲು ಹೊತ್ತು ಸಿಗಬೇಕಲ್ಲ. ಹಳೇ ಮೇಲ್‌ಗೆ ಉತ್ತರವಾಗಿ ಕಳಿಸದೆ, ಹೊಸದಾಗಿಯೇ ಕಳಿಸಿದೆ. ಏನು ಬದಲಾಯಿತು ಅನ್ನುವುದನ್ನು, ಪ್ಯಾಚ್‌ನ ವಿವರಣೆ ಮುಗಿಯುವಲ್ಲಿ ಬರುವ ಮೂರು ಗೀಟಿನ (---) ಕೆಳಗೆ ಬರೆದೆ.

ಮೂರು ದಿನದ ಮೇಲೆ ಬಾಟ್‌ನಿಂದ ಮೇಲ್ ಬಂತು, ಪ್ಯಾಚ್ ಸೇರಿತ್ತು. ಅದರ ಹಿಂದೆಯೇ ರಿವ್ಯೂ ಮಾಡಿದವರದ್ದೂ ಒಂದು ಮೇಲ್. ಆ ಬೋರ್ಡ್ ಅವರ ಬಳಿ ಇಲ್ಲವಂತೆ, ಅದೇ ಡ್ರೈವರ್‌ಗೆ ಅವರು ಬರೆದ ಇನ್ನೊಂದು ಪ್ಯಾಚನ್ನು ನನ್ನ ಬೋರ್ಡಿನಲ್ಲಿ ಓಡಿಸಿ ನೋಡಲು ಆಗುತ್ತದೆಯೇ ಅಂತ ಕೇಳಿದ್ದರು. ಆ ರಾತ್ರಿಯೇ ಓಡಿಸಿ, ಪರೀಕ್ಷಿಸಿದವರ ಹೆಸರು ಹೇಳುವ ‘ಟೆಸ್ಟೆಡ್-ಬೈ’ ಸಾಲು ಬರೆದು ಕಳಿಸಿದೆ.