ವೀಸಾ ಅರ್ಜಿ ಕೊಟ್ಟ ಮೇಲೆ ಹೊರಡುವ ದಿನ ಬದಲಾದರೆ

ಅಂಟಿನುಂಡೆಗೆ ಕೊಬ್ಬರಿ ತುರಿಯುತ್ತಾ ಕೂತಿದ್ದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಮಗಳ ಫೋನ್ ಬಂತು. "ಅಮ್ಮಾ, ಡಾಕ್ಟರು ಹೆರಿಗೆ ಬೇಗ ಮಾಡಿಸೋಣ ಅಂತಿದ್ದಾರೆ. ಆಗಸ್ಟ್‌ನಲ್ಲೇ ಬರೋಕಾಗುತ್ತಾ?" ನಾನು ಬೆಂಗಳೂರಿನ ಕೇಂದ್ರದಲ್ಲಿ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಅರ್ಜಿ ಕೊಟ್ಟು ಆಗಲೇ ಆರು ದಿನವಾಗಿತ್ತು. ಪಾಸ್‌ಪೋರ್ಟ್ ಅವರ ಹತ್ತಿರ ಇತ್ತು. ಅರ್ಜಿಯಲ್ಲಿ ಬರೆದದ್ದು ಸೆಪ್ಟೆಂಬರ್ 10ರಿಂದ ಡಿಸೆಂಬರ್ 5.

ಬುಕಿಂಗ್ ಕಾಗದ ಮಾಡಿಕೊಟ್ಟ ಏಜೆಂಟರನ್ನು ಕೇಳಿದೆ. "ಸುಮ್ನಿರಿ ಮೇಡಂ, ವೀಸಾ ಬಂದ ಮೇಲೆ ನೋಡೋಣ" ಅಂದರು. ಆ ಮಾತು ಕೇಳಿ ಕೂತಿದ್ದರೆ ಹೆರಿಗೆ ಹೊತ್ತಿಗೆ ನಾನು ಇಲ್ಲೇ ಇರುತ್ತಿದ್ದೆ. ವೀಸಾಕ್ಕೆ ಒಂದು ಶುರುವಿನ ದಿನ ಇರುತ್ತದೆ. ಸಾಮಾನ್ಯವಾಗಿ ನಾವು ಅರ್ಜಿಯಲ್ಲಿ ಬರೆದ ದಿನ ನೋಡಿಯೇ ಅದನ್ನು ಹಾಕುತ್ತಾರೆ. ಅದಕ್ಕಿಂತ ಒಂದು ದಿನ ಮುಂಚೆಯೂ ಒಳಗೆ ಹೋಗುವ ಹಾಗಿಲ್ಲ. ಹಾಗಾಗಿ ಬರೆದ ದಿನಕ್ಕಿಂತ ಮುಂಚೆಯೇ ಹೊರಡಬೇಕಾದರೆ ಅಂದೇ ತಿಳಿಸಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವು ಸಲ 45 ದಿನವೂ ಆಗಬಹುದು. ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಸ್ಟಿಕ್ಕರ್ ಅಚ್ಚಾಗುವ ಮುಂಚೆ ನಿಮ್ಮ ಮಾತು ಅವರಿಗೆ ತಲುಪಬೇಕು.

ನಾನು ಅವತ್ತೇ ರಾತ್ರಿ ಅರ್ಜಿ ಕೊಟ್ಟ ಕೇಂದ್ರಕ್ಕೆ ಇಮೇಲ್ ಬರೆದೆ. ಮೊದಲ ಸಾಲಿನಲ್ಲೇ ಅರ್ಜಿಯ ನಂಬರು, ಪಾಸ್‌ಪೋರ್ಟ್ ನಂಬರು, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು. ಆಮೇಲೆ ಹಳೇ ದಿನಾಂಕ, ಹೊಸ ದಿನಾಂಕ: ಆಗಸ್ಟ್ 25ರಿಂದ ನವೆಂಬರ್ 19. ಮೊದಲು ಕೇಳಿದ್ದೂ 87 ದಿನ, ಈಗಲೂ 87 ದಿನ, ಅದನ್ನೂ ಬರೆದೆ. 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ, ಅಲ್ವಾ? ಹೋದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಕಾರಣ ಎರಡೇ ಸಾಲು. ಕಥೆ ಬೇಡ.

ಜೊತೆಗೆ ಕಾಗದಗಳು. ಹೊಸ ದಿನದ ವಿಮಾನ ಬುಕಿಂಗ್, ಮಗಳ ಡಾಕ್ಟರ ಪತ್ರ, ಮಗಳು ಹೊಸ ದಿನಾಂಕ ಹಾಕಿ ಬರೆದ ಆಹ್ವಾನ. ಜನ ಮರೆಯುವುದು ವಿಮೆಯನ್ನು. ಕನಿಷ್ಠ 30,000 ಯೂರೋದ ವಿಮೆ ನೀವು ಅಲ್ಲಿರುವ ಅಷ್ಟೂ ದಿನಕ್ಕೆ ಇರಬೇಕು. ನನ್ನದು ಸೆಪ್ಟೆಂಬರ್‌ನಿಂದ ಶುರುವಾಗುತ್ತಿತ್ತು. ಫೋನ್ ಮಾಡಿ ದಿನಾಂಕ ಬದಲಿಸಿಕೊಂಡು, ಹೊಸ ಪಾಲಿಸಿಯನ್ನೂ ಕಳಿಸಿದೆ.

ಪ್ರಯಾಣ ಕೆಲವು ದಿನ ಮುಂದಕ್ಕೆ ಹೋದರೆ ಇಷ್ಟು ಗಾಬರಿ ಬೇಡ. ಒಂದು ಸಲದ ಪ್ರವೇಶದ ವೀಸಾಕ್ಕೆ ಸಾಮಾನ್ಯವಾಗಿ 15 ದಿನ ಹೆಚ್ಚುವರಿ ಅವಧಿ ಸೇರಿಸಿರುತ್ತಾರೆ. ಕೊನೆಯ ದಿನದೊಳಗೆ ವಾಪಸ್ ಹೊರಟರೆ ಆಯಿತು. ಅದಕ್ಕಿಂತ ಜಾಸ್ತಿ ತಡವಾಗುವುದಾದರೆ ಬರೆಯಿರಿ.

ದೇಶವೇ ಬದಲಾದರೆ ಮಾತು ಬೇರೆ. ಜರ್ಮನಿಯಲ್ಲಿ ಇದ್ದುಕೊಂಡು ನಾಲ್ಕು ದಿನ ಪ್ಯಾರಿಸ್ ನೋಡಿ ಬರುವುದು ಸರಿ. ಆದರೆ ಜಾಸ್ತಿ ದಿನ ಇರುವುದೇ ಫ್ರಾನ್ಸ್‌ನಲ್ಲಿ ಎಂದಾದರೆ ಅರ್ಜಿ ಫ್ರಾನ್ಸ್‌ಗೇ ಕೊಡಬೇಕು. ಹಳೇದನ್ನು ವಾಪಸ್ ತೆಗೆದುಕೊಂಡು ಹೊಸದಾಗಿ ಹಾಕಿ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ ಶುಲ್ಕ, ಅದು ವಾಪಸ್ ಬರುವುದಿಲ್ಲ. ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಸುಳ್ಳು ಯೋಜನೆ ತೋರಿಸಿ ವೀಸಾ ತೆಗೆದುಕೊಳ್ಳಬೇಡಿ. ಗಡಿಯಲ್ಲಿ ಕೇಳುತ್ತಾರೆ, ರದ್ದು ಮಾಡುವ ಅಧಿಕಾರ ಅವರಿಗಿದೆ.

ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಸ್ಟಿಕ್ಕರ್ ಓದಿ. ನನ್ನದು ಜರ್ಮನ್ ಭಾಷೆಯಲ್ಲಿತ್ತು. 'ಫೊಮ್' ಅಂದರೆ ಇಂದ, 'ಬಿಸ್' ಅಂದರೆ ವರೆಗೆ, 'ಟಾಗೆ' ಅಂದರೆ ದಿನಗಳು. ತಪ್ಪಿದ್ದರೆ ಹೊರಡುವ ಮುಂಚೆ ತಿದ್ದಿಸಿಕೊಳ್ಳಿ. 'ಫೊಮ್' ಪಕ್ಕದಲ್ಲಿ 25-08 ಕಂಡ ಮೇಲೇ ನಾನು ಟಿಕೆಟ್‌ಗೆ ದುಡ್ಡು ಕಟ್ಟಿದ್ದು.