ಆ ದಿನ ಹಡಗು ಯಾವ ಬಣ್ಣದಲ್ಲಿತ್ತು? ಮಾದರಿ ಯುದ್ಧನೌಕೆಗೆ ಬಣ್ಣ ಆರಿಸುವುದು ಹೀಗೆ

ಯುದ್ಧನೌಕೆಯ ಕಿಟ್ ಕೈಗೆ ಬಂದ ಕೂಡಲೇ ಮನಸ್ಸು ಬಣ್ಣದ ಡಬ್ಬಿಯ ಕಡೆ ಓಡುತ್ತದೆ. ಸ್ವಲ್ಪ ತಡೆಯಿರಿ. ‘ಈ ಹಡಗಿನ ಬಣ್ಣ ಯಾವುದು?’ ಎಂದು ಕೇಳಿದರೆ ನೆಟ್ಟಗಿನ ಉತ್ತರ ಸಿಗುವುದಿಲ್ಲ. ‘ಇಂಥ ದಿನ ಇದು ಯಾವ ಬಣ್ಣದಲ್ಲಿತ್ತು?’ ಎಂದು ಕೇಳಬೇಕು.

ಮೊದಲು ತಾರೀಖು

ಜರ್ಮನಿಯ ಬಿಸ್ಮಾರ್ಕ್ ನೌಕೆಯನ್ನೇ ನೋಡಿ. 1941ರ ಮೇ ತಿಂಗಳಲ್ಲಿ ಹೊರಟಾಗ ಅದರ ಮೈಮೇಲೆ ಕಪ್ಪು–ಬಿಳಿ ಪಟ್ಟೆಗಳಿದ್ದವು. ಮೇ 21ರಂದು ನಾರ್ವೆಯ ಬರ್ಗೆನ್ ಹತ್ತಿರ ಲಂಗರು ಹಾಕಿದ್ದಾಗ ಸಿಬ್ಬಂದಿ ಆ ಪಟ್ಟೆಗಳ ಮೇಲೆ ಬೂದು ಬಳಿದರು. ಮೇ 24ರಂದು ಡೆನ್ಮಾರ್ಕ್ ಜಲಸಂಧಿಯಲ್ಲಿ ಬ್ರಿಟನ್ನಿನ ಹುಡ್ ಅನ್ನು ಮುಳುಗಿಸಿದ್ದು ಪಟ್ಟೆ ಇಲ್ಲದ ಬಿಸ್ಮಾರ್ಕ್. ಮೇ 27ಕ್ಕೆ ಅದೂ ಮುಳುಗಿತು. ಅಂದರೆ ಒಂದೇ ಯಾನದಲ್ಲಿ ಎರಡು ವೇಷ. ಹುಡ್ ಜೊತೆಗಿನ ಕಾಳಗದ ದೃಶ್ಯ ಕಟ್ಟಿ ಅದರಲ್ಲಿ ಪಟ್ಟೆಯ ಬಿಸ್ಮಾರ್ಕ್ ನಿಲ್ಲಿಸಿದರೆ, ಕೈಕೆಲಸ ಎಷ್ಟೇ ಚೆನ್ನಾಗಿದ್ದರೂ ತಪ್ಪು ತಪ್ಪೇ ಅಲ್ವಾ?

ಹಾಗಾಗಿ ಒಂದು ಚೀಟಿಯ ಮೇಲೆ ದಿನ, ತಿಂಗಳು, ವರ್ಷ ಬರೆದು ಕೆಲಸದ ಮೇಜಿನ ಮುಂದೆ ಅಂಟಿಸಿ. ಮುಂದಿನ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕುವುದು ಆ ಚೀಟಿ ನೋಡಿಕೊಂಡೇ.

ಫೋಟೊ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಆ ತಾರೀಖಿಗೆ ಹತ್ತಿರದ ಫೋಟೊಗಳನ್ನು ಹುಡುಕಿ. ಕಪ್ಪು–ಬಿಳುಪು ಫೋಟೊದಿಂದ ಬಣ್ಣ ಊಹಿಸಲು ಹೋಗಬೇಡಿ. ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ಮಾತ್ರ ಅದರಿಂದ ತೆಗೆದುಕೊಳ್ಳಿ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬೆಳಕು ನಾಟುವುದೇ ಇಲ್ಲ. ಅದರಲ್ಲಿ ಕೆಂಪು ಬಣ್ಣ ಹೆಚ್ಚುಕಡಿಮೆ ಕಪ್ಪಾಗಿ, ನೀಲಿ ತೀರಾ ತಿಳಿಯಾಗಿ ಕಾಣುತ್ತದೆ. ಹಡಗಿನ ತಳದ ಕೆಂಪು ಬಣ್ಣವೂ ನೀರಿನ ಗೆರೆಯ ಕಪ್ಪು ಪಟ್ಟಿಯೂ ಒಂದೇ ಆಗಿ ಕಂಡರೆ ಅಚ್ಚರಿಯಿಲ್ಲ. ಇನ್ನು, ನೀರು ಚಿಮ್ಮಿ ಒದ್ದೆಯಾದ ಜಾಗ ಒಣಗಿದ ಜಾಗಕ್ಕಿಂತ ಕಪ್ಪಗಿರುತ್ತದೆ.

ಕಪ್ಪು–ಬಿಳುಪು ಚಿತ್ರಕ್ಕೆ ಈಗ ಬಣ್ಣ ತುಂಬಿ ಹಂಚುತ್ತಾರಲ್ಲ, ಅವು ಚೆಂದವಾಗಿರುತ್ತವೆ. ಆದರೆ ಸಾಕ್ಷಿಯಾಗಿ ಬೇಡ. ಅದು ಬಣ್ಣ ತುಂಬಿದವರ ಊಹೆ.

ಮ್ಯೂಸಿಯಂ ಹಡಗನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟನ್ನಿನ ನೌಕಾ ಸೇನಾನಿ ನೆಲ್ಸನ್ ಇದ್ದ ವಿಕ್ಟರಿ ಹಡಗು ದಶಕಗಳ ಕಾಲ ಗಾಢ ಹಳದಿ ಪಟ್ಟಿಗಳಲ್ಲೇ ನಿಂತಿತ್ತು. ಹಳೆಯ ಬಣ್ಣದ ಪದರಗಳನ್ನು ಪರೀಕ್ಷಿಸಿದ ಮೇಲೆ, 2015ರಲ್ಲಿ ಅದಕ್ಕೆ ಗುಲಾಬಿ ಛಾಯೆಯ ತಿಳಿ ಬಣ್ಣ ಬಳಿದರು. ಅಲ್ಲಿಯವರೆಗೆ ಅದನ್ನು ನೋಡಿಕೊಂಡು ಮಾದರಿ ಮಾಡಿದವರೆಲ್ಲ ಹಳದಿಯನ್ನೇ ಬಳಿದಿದ್ದರು.

ನೌಕಾಪಡೆಯ ಆದೇಶ

ಹಡಗಿಗೆ ಯಾವ ಬಣ್ಣ ಬಳಿಯಬೇಕೆಂದು ನೌಕಾಪಡೆ ಕೊಟ್ಟ ಆದೇಶವನ್ನು ಹುಡುಕುವುದು ನನಗೆ ತುಂಬಾ ಇಷ್ಟವಾದ ಹಂತ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಹಡಗನ್ನು ಮರೆಮಾಚುವ ಪ್ರತಿ ಬಣ್ಣದ ವಿನ್ಯಾಸಕ್ಕೂ ‘ಮೆಷರ್’ ಎಂದು ಒಂದೊಂದು ಸಂಖ್ಯೆ ಕೊಟ್ಟಿತ್ತು. 1944ರ ಜೂನ್‌ನಲ್ಲಿ ಸೇವೆಗೆ ಸೇರಿದಾಗ ಮಿಸೌರಿ ಯುದ್ಧನೌಕೆ ಮೆಷರ್ 32ರ ಒಡೆದೊಡೆದ ವಿನ್ಯಾಸದಲ್ಲಿತ್ತು. 1945ರ ಸೆಪ್ಟೆಂಬರ್ 2ರಂದು ಜಪಾನ್ ಅದರ ಡೆಕ್ ಮೇಲೆ ಶರಣಾಗತಿಗೆ ಸಹಿ ಹಾಕುವಾಗ ಮೆಷರ್ 22ರಲ್ಲಿತ್ತು.

ಈ ಮೆಷರ್ 22ರಲ್ಲಿ ಒಂದು ಸೂಕ್ಷ್ಮವಿದೆ. ಕೆಳಗೆ ನೇವಿ ಬ್ಲೂ, ಮೇಲೆ ಹೇಜ್ ಗ್ರೇ. ನಡುವಿನ ಗೆರೆ ಡೆಕ್‌ನ ಅಂಚನ್ನು ಹಿಡಿದು ಹೋಗುವುದಿಲ್ಲ. ಮುಖ್ಯ ಡೆಕ್ ಎಲ್ಲಿ ಅತಿ ತಗ್ಗಿದೆಯೋ ಆ ಮಟ್ಟದಲ್ಲಿ, ನೀರಿಗೆ ಸಮನಾಗಿ, ನೇರ ಸಾಗುತ್ತದೆ. ಮೂತಿಯ ಕಡೆ ಡೆಕ್ ಮೇಲೇಳುತ್ತದಲ್ಲ, ಅಲ್ಲಿ ನೀಲಿಯ ಮೇಲೆ ತಿಳಿ ಬೂದಿನ ಒಂದು ಬೆಣೆಯಾಕಾರ ಉಳಿಯುತ್ತದೆ. ಆ ಬೆಣೆ ಇಲ್ಲದ ಮಾದರಿ ಕಂಡರೆ ನನ್ನ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಆ ಬಣ್ಣಗಳನ್ನು ಅವರು ತಯಾರಿಸುತ್ತಿದ್ದ ರೀತಿಯೂ ಸೊಗಸು. ಒಂದು ಬಿಳಿ ಮೂಲ ಬಣ್ಣ, ಅದಕ್ಕೆ ನೀಲಿ–ನೇರಳೆ ಛಾಯೆಯ ಗಾಢ ಮಿಶ್ರಣ. ಎಷ್ಟು ಬೆರೆಸಿದರು ಎಂಬುದರ ಮೇಲೆ ತಿಳಿ ಬೂದಿನಿಂದ ಕಡು ನೀಲಿಯವರೆಗಿನ ಛಾಯೆಗಳು. ಅದಕ್ಕೇ ಆ ಬೂದುಗಳಲ್ಲಿ ನೀಲಿ ಇಣುಕುತ್ತದೆ. ಅವುಗಳಿಗೆ ಬರೀ ಕಪ್ಪು–ಬಿಳಿ ಬೆರೆಸಿದ ಬೂದು ಸಾಲದು. 1945ರಲ್ಲಿ ನೀಲಿ ವರ್ಣದ್ರವ್ಯದ ಕೊರತೆಯಾಗಿ ನೀಲಿಯಿಲ್ಲದ ಬೂದುಗಳೂ ಬಂದವು. ನೋಡಿ, ತಾರೀಖಿನ ಚೀಟಿ ಮತ್ತೆ ಕೆಲಸಕ್ಕೆ ಬಂತು.

ಜಪಾನಿನ ಹಡಗಾದರೆ ಅದು ಯಾವ ಹಡಗುಕಟ್ಟೆಯಲ್ಲಿ ಬಣ್ಣ ಬಳಿಸಿಕೊಂಡಿತು ಎಂದು ನೋಡಿ. ಕುರೆ, ಸಾಸೆಬೊ, ಮೈಜುರು, ಯೊಕೊಸುಕಾ ಕಟ್ಟೆಗಳ ಬೂದು ಸ್ವಲ್ಪ ಸ್ವಲ್ಪ ಬೇರೆ. ಮಾದರಿಗಳ ಬಣ್ಣ ತಯಾರಿಸುವ ತಾಮಿಯಾ ಕಂಪನಿಯಲ್ಲಿ ನಾಲ್ಕೂ ಸಿದ್ಧ ಸಿಗುತ್ತವೆ: ಕುರೆ ಬೂದು ಎಕ್ಸ್‌ಎಫ್-75, ಸಾಸೆಬೊದ್ದು ಎಕ್ಸ್‌ಎಫ್-77. ಕ್ರೂಸರ್, ಡೆಸ್ಟ್ರಾಯರ್‌ಗಳ ಡೆಕ್ ಮೇಲೆ ಕೆಂಪು ಮಿಶ್ರಿತ ಕಂದು ಲಿನೋಲಿಯಂ (ನೆಲಕ್ಕೆ ಹಾಸುವ ಹಾಳೆ) ಹಾಸಿ, ಹಿತ್ತಾಳೆ ಪಟ್ಟಿ ಬಡಿಯುತ್ತಿದ್ದರು. ಅಲ್ಲಿ ಮರದ ಬಣ್ಣ ಬಳಿಯಬೇಡಿ.

ದೂರದ ಲೆಕ್ಕ

ನಿಖರ ಬಣ್ಣ ಸಿಕ್ಕಿತು ಎಂದು ಹಾಗೇ ಬಳಿದರೆ ಹಡಗು ಆಟಿಕೆಯ ಹಾಗೆ ಕಾಣುತ್ತದೆ. 1/350 ಅಳತೆಯ ಮಾದರಿಯನ್ನು 30 ಸೆಂ.ಮೀ. ದೂರದಿಂದ ನೋಡುವುದೆಂದರೆ ನಿಜವಾದ ಹಡಗನ್ನು 105 ಮೀಟರ್ ದೂರದಿಂದ ನೋಡಿದ ಹಾಗೆ. 1/700 ಆದರೆ 210 ಮೀಟರ್. ಅಷ್ಟು ದೂರಕ್ಕೆ ನಡುವಿನ ಗಾಳಿ ಬಣ್ಣವನ್ನು ಮಂಕು ಮಾಡುತ್ತದೆ. ಅದಕ್ಕೆ ಬಣ್ಣವನ್ನು ತುಸು ತಿಳಿ ಮಾಡಬೇಕು. ನಾನು 1/350ಕ್ಕೆ ಒಂಬತ್ತು ಪಾಲು ಬಣ್ಣಕ್ಕೆ ಒಂದು ಪಾಲು ತಿಳಿ ಬೂದು ಬೆರೆಸುತ್ತೇನೆ. 1/700ಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಬಿಳಿ ಬೆರೆಸಿದರೆ ನೇವಿ ಬ್ಲೂ ಸೀಮೆಸುಣ್ಣ ಮೆತ್ತಿದ ಹಾಗಾಗುತ್ತದೆ. ನೀರಿನ ಗೆರೆಗೂ ಅಪ್ಪಟ ಕಪ್ಪು ಬೇಡ, ಕಡು ಬೂದು ಸಾಕು.

ಚೂರಿನ ಮೇಲೆ ಪರೀಕ್ಷೆ

ಕಿಟ್‌ನಲ್ಲಿ ಉಳಿದ ಪ್ಲಾಸ್ಟಿಕ್ ಚೂರಿಗೆ ಹಡಗಿಗೆ ಹಾಕುವ ಪ್ರೈಮರನ್ನೇ (ಬಣ್ಣದ ಕೆಳಗಿನ ಮೊದಲ ಲೇಪ) ಹಾಕಿ, ಮೇಲೆ ಬಣ್ಣ ಬಳಿದು ಒಂದು ದಿನ ಬಿಡಿ. ಒದ್ದೆ ಬಣ್ಣ ನೋಡಿ ಸುಮ್ನೆ ತೀರ್ಮಾನಕ್ಕೆ ಬರಬೇಡಿ. ಅರ್ಧ ಭಾಗಕ್ಕೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆಯಿರಿ. ಕಡು ಬಣ್ಣವಾದರೆ ಆ ಅರ್ಧ ತಿಳಿಯಾಗಿದ್ದು ಕಣ್ಣಿಗೇ ಕಾಣುತ್ತದೆ. ಚೂರನ್ನು ಕಿಟಕಿ ಬೆಳಕಲ್ಲಿ ಒಮ್ಮೆ, ಹಡಗು ಇಡುವ ಕಪಾಟಿನ ದೀಪದಡಿ ಒಮ್ಮೆ ಹಿಡಿದು ನೋಡಿ. ಹಗಲಲ್ಲಿ ನೀಲಿ ಇಣುಕುವ ಬೂದು, ಹಳದಿ ದೀಪದಲ್ಲಿ ಬರೀ ಬೂದಾಗಿಬಿಡಬಹುದು. ನಾನು ಕಪಾಟಿನ ಬೆಳಕಿಗೇ ಮಣೆ ಹಾಕುತ್ತೇನೆ.

ಒಪ್ಪಿಗೆಯಾದ ಮೇಲೆ ಇಡೀ ಹಡಗಿಗೆ ಸಾಕಾಗುವಷ್ಟು ಬಣ್ಣವನ್ನು ಒಂದೇ ಸಲ ಬೆರೆಸಿಕೊಳ್ಳಿ. ಡಬ್ಬಿಯ ಮೇಲೆ ಹಡಗಿನ ಹೆಸರು, ತಾರೀಖು, ಎಷ್ಟಕ್ಕೆ ಎಷ್ಟು ಎಂದು ಬರೆದಿಡಿ. ರೇಲಿಂಗ್ ಅಂಟಿಸುವಾಗ ಅಲ್ಲಲ್ಲಿ ಬಣ್ಣ ಏಳುವುದು ಗ್ಯಾರಂಟಿ. ಆಗ ಅದೇ ಡಬ್ಬಿಯ ಬಣ್ಣವೇ ಬೇಕು.